ಖುಲಾಸೆಯಾದರೂ ಬೆನ್ನು ಬಿಡದ ಕೇಸ್: ಹಳೆಯ ದಾಖಲೆ ಅಳಿಸಲು ದಾರಿ ಇದೆಯೇ?

ಸಣ್ಣಪುಟ್ಟ ಉಲ್ಲಂಘನೆಗೆ ಜೈಲು ಬೇಡ, ದಂಡ ಸಾಕು ಎನ್ನುವ ಜನ ವಿಶ್ವಾಸ ಮಸೂದೆಗೆ ಗುಜರಾತ್ ವಿಧಾನಸಭೆ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ನೀಡಿದೆ. ಉದ್ಯಮಿಗಳಿಗೆ ಇದು ನಿರಾಳ. ಆದರೆ ಸೂರತ್‌ನ ಸಚಿನ್ ಜಿಐಡಿಸಿಯಲ್ಲಿ ದುಡಿಯುವ ಕಾರ್ಮಿಕನೊಬ್ಬನ ಮೇಲೆ ಹಿಂದೆ ಕೇಸ್ ದಾಖಲಾಗಿ, ಕೋರ್ಟ್ ಖುಲಾಸೆ ಮಾಡಿದ್ದರೆ? ಆ ದಾಖಲೆಯನ್ನು ಅಳಿಸಲು ದೇಶದಲ್ಲಿ ಪ್ರತ್ಯೇಕ ಕಾಯ್ದೆಯೇ ಇಲ್ಲ.

ಕಾನೂನಿನಲ್ಲಿ ಏನಿದೆ?

ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 24ರ ಪ್ರಕಾರ ಅಪ್ರಾಪ್ತರ ದಾಖಲೆಯನ್ನು ನಿಗದಿತ ಅವಧಿಯ ನಂತರ ನಾಶಪಡಿಸಬೇಕು. ಘೋರ ಅಪರಾಧಗಳಿಗೆ ವಿನಾಯಿತಿ ಇದೆ. 2022ರ ಕ್ರಿಮಿನಲ್ ಪ್ರೊಸೀಜರ್ (ಗುರುತಿಸುವಿಕೆ) ಕಾಯ್ದೆಯಡಿ ಬೆರಳಚ್ಚಿನಂಥ ವಿವರಗಳನ್ನು 75 ವರ್ಷ ಇಟ್ಟುಕೊಳ್ಳಬಹುದು. ಹಿಂದೆ ಶಿಕ್ಷೆಯಾಗದವರು ಖುಲಾಸೆಯಾದರೆ, ಕೋರ್ಟ್ ಬೇರೆ ರೀತಿ ಹೇಳದಿದ್ದಲ್ಲಿ, ಅವನ್ನು ನಾಶಪಡಿಸಬೇಕು. ಎಫ್‌ಐಆರ್, ತೀರ್ಪಿನ ಪ್ರತಿಗೆ ಈ ರಕ್ಷಣೆ ಇಲ್ಲ.

ಒಂದೇ ತಿಂಗಳು, ಎರಡು ತೀರ್ಪು

2017ರ ಜನವರಿಯಲ್ಲಿ ಗುಜರಾತ್ ಹೈಕೋರ್ಟ್, ಕೊಲೆ ಪ್ರಕರಣದಲ್ಲಿ ಖುಲಾಸೆಯಾದ ವ್ಯಕ್ತಿಯೊಬ್ಬರ ಅರ್ಜಿ ತಿರಸ್ಕರಿಸಿತು. ಇಂಟರ್ನೆಟ್‌ನಿಂದ ತೀರ್ಪು ತೆಗೆಸಬೇಕು ಎಂಬುದು ಅವರ ಕೋರಿಕೆಯಾಗಿತ್ತು. ಅದೇ ತಿಂಗಳು ಕರ್ನಾಟಕ ಹೈಕೋರ್ಟ್, ಮಹಿಳೆಯೊಬ್ಬರ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಸೂಚಿಸಿತು. ಆದರೆ ದೃಢೀಕೃತ ಪ್ರತಿಯಲ್ಲಿ ಹೆಸರು ಉಳಿಯಿತು. ಖುಲಾಸೆಯಾದವರ ತೀರ್ಪು ತೆಗೆಯಲು ಮದ್ರಾಸ್ ಹೈಕೋರ್ಟ್ ನೀಡಿದ್ದ ಆದೇಶಕ್ಕೆ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತಡೆ ನೀಡಿತು.

ಕೆಲಸಕ್ಕೆ ಏಕೆ ಪೆಟ್ಟು?

ಖುಲಾಸೆಯಾಗಿದ್ದರೂ, ಅರ್ಜಿಯಲ್ಲಿ ಕೇಳಿದ್ದರೆ ಹಳೆಯ ಕೇಸ್ ಬಗ್ಗೆ ಸತ್ಯ ಹೇಳಲೇಬೇಕು, ಅದನ್ನು ಪರಿಗಣಿಸುವ ಅಧಿಕಾರ ನೇಮಕಾತಿ ಸಂಸ್ಥೆಗಿದೆ ಎಂದು ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಹೀಗಾಗಿ ಮುಚ್ಚಿಟ್ಟರೂ ಕಷ್ಟ, ಹೇಳಿದರೂ ಅನುಮಾನ.

ಕೋರ್ಟ್ ಶುಲ್ಕ ಯಾರು ಕಟ್ಟುತ್ತಾರೆ?

ದಾಖಲೆ ವಿಚಾರವಾಗಿ ಹೈಕೋರ್ಟ್‌ಗೆ ಹೋಗಬೇಕೆಂದರೆ ಸೂರತ್‌ನಿಂದ ಅಹಮದಾಬಾದ್‌ವರೆಗೆ ಓಡಾಟ, ಶುಲ್ಕ, ವಕೀಲರ ಖರ್ಚು. ದಿನಗೂಲಿಯವರಿಗೆ ಇದು ಹೊರೆ. ಆದರೆ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ ಸೆಕ್ಷನ್ 12ರಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರ ಜೊತೆಗೆ 'ಕೈಗಾರಿಕಾ ಕಾರ್ಮಿಕ' ಎಂಬ ವರ್ಗವೂ ಇದೆ. ಇವರಿಗೆ ಆದಾಯ ಮಿತಿ ಇಲ್ಲ. ಪ್ರಕರಣದಲ್ಲಿ ಹುರುಳಿದೆ ಎಂದು ಪ್ರಾಧಿಕಾರಕ್ಕೆ ಮನವರಿಕೆಯಾದರೆ ಉಚಿತ ವಕೀಲರು ಸಿಗುತ್ತಾರೆ. ಕೋರ್ಟ್ ಶುಲ್ಕವೂ ಈ ನೆರವಿನಲ್ಲಿ ಸೇರುತ್ತದೆ.

ಅಂದರೆ ಕೋರ್ಟ್ ಬಾಗಿಲು ತಟ್ಟಲು ನೆರವಿದೆ. ಆದರೆ ಒಳಗೆ ಹೋದವರಿಗೆ ಕೇಳಲು ಸ್ಪಷ್ಟ ಹಕ್ಕಿಲ್ಲ, ತೀರ್ಪು ಆಯಾ ಪೀಠದ ಮೇಲೆ ನಿಂತಿದೆ. ದಂಡದ ವಿಷಯದಲ್ಲಿ ಉದ್ಯಮಗಳ ಮೇಲೆ ತೋರಿದ ವಿಶ್ವಾಸವನ್ನು ಖುಲಾಸೆಯಾದ ಕಾರ್ಮಿಕನ ಮೇಲೂ ಸರ್ಕಾರಗಳು ತೋರಬೇಕಿದ್ದರೆ, ಅದಕ್ಕೊಂದು ಕಾಯ್ದೆಯೇ ಬೇಕು.