ಕಾಸು ಕೊಟ್ಟ ಮಾತ್ರಕ್ಕೆ ಕಂಸಾಳೆ ನಮ್ಮದೇ?

ಕಳೆದ ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋಗಿದ್ದಾಗ ಪಕ್ಕದ ಮನೆಯ ದೊಡ್ಡಪ್ಪ ‘ಬಾ ಮಗ, ಜೊತೇಲಿ ಹೋಗ್ಬರಾವು’ ಎಂದು ಕರೆದರು. ಅವರು ಮಾದಪ್ಪನ ಗುಡ್ಡರು, ಗುರುವಿನಿಂದ ದೀಕ್ಷೆ ಪಡೆದು ಕಂಸಾಳೆ ಹಿಡಿದವರು. ನಮ್ಮ ಹಂಗಳದಿಂದ ಬಂಡೀಪುರದ ಕಡೆ ಹೋಗುವ ದಾರಿಯ ಒಂದು ರೆಸಾರ್ಟ್‌ನಲ್ಲಿ ಅವರ ತಂಡಕ್ಕೆ ಅಂದು ರಾತ್ರಿ ಕಾರ್ಯಕ್ರಮವಿತ್ತು. ಬ್ಯಾಗು ಹೊರಲು ನಾನೂ ಹೋದೆ.

‘ಕಥೆಯೆಲ್ಲ ಬೇಡ, ಇಪ್ಪತ್ತು ನಿಮಿಷ ಬರೀ ಕುಣಿತ ಸಾಕು’ ಎಂದು ಅಲ್ಲಿನವರು ಮೊದಲೇ ಹೇಳಿದರು. ಮಾದಪ್ಪನ ಕಥೆಯನ್ನು ಬೆಳಗಿನವರೆಗೂ ಹಾಡಬಲ್ಲ ಮನುಷ್ಯ ಸುಮ್ಮನೆ ತಲೆಯಾಡಿಸಿದರು. ಕ್ಯಾಂಪ್‌ಫೈರ್ ಪಕ್ಕದಲ್ಲಿ ಬೀಸು ಕಂಸಾಳೆ ಶುರುವಾಯಿತು. ಐದು ನಿಮಿಷ ಆಗಿರಲಿಲ್ಲ, ಗ್ಲಾಸು ಹಿಡಿದಿದ್ದ ಅತಿಥಿಯೊಬ್ಬರು ನಡುವೆ ನುಗ್ಗಿ ದೊಡ್ಡಪ್ಪನ ಕೈಯಿಂದ ಕಂಸಾಳೆ ಕಿತ್ತುಕೊಂಡು ಸೆಲ್ಫಿಗೆ ನಿಂತರು. ಕಣ್ಣಿಗೊತ್ತಿಕೊಂಡ ಮೇಲೆಯೇ ಬಾರಿಸಬೇಕಾದ ಕಂಸಾಳೆ ಅದು. ದೊಡ್ಡಪ್ಪ ಬರಿಗೈಯಲ್ಲಿ ನಗುತ್ತಾ ನಿಂತಿದ್ದರು.

ವಾಪಸ್ ಬರುವಾಗ ನಾನು ಕೂಗಾಡಿದೆ. ‘ಬುಡು ಮಗ, ಕಾಸ್ ಕೊಟ್ಟವ್ರೆ’ ಎಂದರಷ್ಟೇ.

ನಿಜ ಹೇಳುತ್ತೇನೆ, ಆ ಅತಿಥಿಯ ಮೇಲೆ ಸಿಟ್ಟು ಮಾಡುವ ಹಕ್ಕು ನನಗೂ ಅಷ್ಟಾಗಿ ಇರಲಿಲ್ಲ. ಅದರ ಹಿಂದಿನ ವಾರವಷ್ಟೇ ಹಾಸ್ಟೆಲ್ ಗ್ರೂಪಿನಲ್ಲಿ ನಾನೊಂದು ರೀಲ್ ಹಂಚಿದ್ದೆ. ಜಪಾನಿನ ಕ್ಯೋಟೊ ನಗರದ ಓಣಿಯಲ್ಲಿ ಮುಖಕ್ಕೆ ಬಿಳಿ ಬಣ್ಣ ಬಳಿದ, ಕಿಮೊನೊ ಉಟ್ಟ ಹುಡುಗಿಯೊಬ್ಬಳು ಬಿರಬಿರನೆ ನಡೆಯುತ್ತಿದ್ದಾಳೆ, ಹಿಂದೆ ಮೊಬೈಲ್ ಹಿಡಿದ ಪ್ರವಾಸಿಗರ ದಂಡು. ‘ಗೇಶಾ ಸಿಕ್ಕಿಬಿದ್ದಳು’ ಎಂದು ಬರೆದು ನಗುವ ಎಮೋಜಿ ಹಾಕಿದ್ದೆ. ಗ್ರೂಪಿನಲ್ಲಿ ಬಂದ ಕಮೆಂಟುಗಳನ್ನು ಇಲ್ಲಿ ಬರೆಯಲಾಗದು.

ರೆಸಾರ್ಟಿನಿಂದ ಬಂದ ರಾತ್ರಿ ನಿದ್ದೆ ಬರಲಿಲ್ಲ. ಆ ಹುಡುಗಿ ಯಾರೆಂದು ಓದತೊಡಗಿದೆ. ಗೇಶಾ ಎಂದರೆ ‘ಕಲೆ ಬಲ್ಲವರು’ ಎಂದೇ ಅರ್ಥವಂತೆ. ಕ್ಯೋಟೊದಲ್ಲಿ ಅವರನ್ನು ಗೈಕೊ ಎಂದೂ, ಕಲಿಯುತ್ತಿರುವ ಹುಡುಗಿಯರನ್ನು ಮೈಕೊ ಎಂದೂ ಕರೆಯುತ್ತಾರೆ. ಮೈಕೊಗಳು ಸುಮಾರು ಐದು ವರ್ಷ ನೃತ್ಯ, ಹಾಡು, ಮೂರು ತಂತಿಯ ಶಾಮಿಸೆನ್ ವಾದ್ಯ, ಚಹಾ ನೀಡುವ ಕ್ರಮ ಎಲ್ಲವನ್ನೂ ಕಲಿಯುತ್ತಾರೆ. ನಮ್ಮ ಬಿ.ಇ.ಗಿಂತ ಒಂದು ವರ್ಷ ಹೆಚ್ಚು! ರೀಲ್‌ನಲ್ಲಿ ಓಡುತ್ತಿದ್ದ ಹುಡುಗಿ ಪಾಠಕ್ಕೋ ಕೆಲಸಕ್ಕೋ ಹೊರಟಿದ್ದಿರಬೇಕು. ಇಂಥ ಕಾಟ ತಾಳಲಾರದೆ ಅಲ್ಲಿನ ಗಿಯೊನ್ ಬಡಾವಣೆಯವರು 2024ರಲ್ಲಿ ತಮ್ಮ ಖಾಸಗಿ ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ನಿಷೇಧಿಸಿದರು. ತಪ್ಪಿದರೆ 10,000 ಯೆನ್ ದಂಡ.

ಹಾಗಂತ ಅವರು ಬಾಗಿಲು ಮುಚ್ಚಿಕೊಂಡಿಲ್ಲ. ‘ಮಿಯಾಕೊ ಒದೊರಿ’ ಎಂಬ ನೃತ್ಯೋತ್ಸವ 1872ರಲ್ಲಿ ಆರಂಭವಾಯಿತು. ಈಗಲೂ ಏಪ್ರಿಲ್‌ನಲ್ಲಿ ಟಿಕೆಟ್ ಕೊಂಡು ಯಾರು ಬೇಕಾದರೂ ನೋಡಬಹುದು. ನೋಡುವವರು ಕುರ್ಚಿಯಲ್ಲಿರುತ್ತಾರೆ, ಕಲಾವಿದೆಯರು ವೇದಿಕೆಯಲ್ಲಿರುತ್ತಾರೆ. ಅತಿಥಿಗೂ ಒಂದು ಜಾಗವಿದೆ, ಕಲೆಗೂ ಒಂದು ಜಾಗವಿದೆ.

ಗೇಶಾ ಎಂದೊಡನೆ ನಮ್ಮ ಹುಡುಗರ ತಲೆಗೆ ಬರುವ ಕೆಟ್ಟ ಅರ್ಥದ ಬಗ್ಗೆಯೂ ಹೇಳಬೇಕು. ಇದು ಜಪಾನಿನವರದಷ್ಟೇ ಪಾಡಲ್ಲ. ನಮ್ಮೂರಿನಿಂದ ಗಂಟೆಯ ದಾರಿಯ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ದೇವದಾಸಿ ಮನೆತನದವರು, ದೊಡ್ಡ ಸಂಗೀತ ವಿದುಷಿ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ದುಡಿಮೆಯ ಹಣದಿಂದ ಗುಡಿ ಕಟ್ಟಿಸಿದವರು ಅವರೇ. ಆದರೂ ಅಲ್ಲಿನ ಆರಾಧನೆಯಲ್ಲಿ ಹೆಣ್ಣುಮಕ್ಕಳು ಹಾಡಲು ಅವರು ಹೋರಾಡಬೇಕಾಯಿತು. ಕಲಾವಿದೆಯ ಕಲೆಗಿಂತ ಅವಳ ‘ಚರಿತ್ರೆ’ಯ ಮೇಲೇ ಕಣ್ಣಿಡುವ ಚಾಳಿ ನಮ್ಮದೂ ಹೌದು.

ಪ್ರವಾಸಿಗರೇ ಬೇಡ ಎಂದು ನಾನು ಹೇಳುತ್ತಿಲ್ಲ. ಆ ಇಪ್ಪತ್ತು ನಿಮಿಷದ ಸಂಭಾವನೆ ದೊಡ್ಡಪ್ಪನ ಮನೆಗೆ ಬೇಕು. ಸೂರ್ಯಕಾಂತಿ ಹೂ ಬಿಟ್ಟಾಗ ಫೋಟೊಗೆಂದು ಹೊಲಕ್ಕಿಳಿಯುವವರಿಂದ ನಮ್ಮ ಕಡೆಯ ಕೆಲವು ರೈತರೂ ಹಣ ಪಡೆಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಕೊಟ್ಟ ಹಣ ನೋಡುವುದಕ್ಕೆ, ಕೇಳುವುದಕ್ಕೆ. ಕಲಾವಿದನ ಕೈಯೊಳಗಿನದನ್ನು ಕಿತ್ತುಕೊಳ್ಳುವುದಕ್ಕಲ್ಲ.

ನಮ್ಮಲ್ಲಿ ಅನೇಕರು ನಾಳೆ ಇದೇ ಕ್ಷೇತ್ರದಲ್ಲಿ ಕೆಲಸ ಹಿಡಿಯುವವರು. ಗೈಡ್ ಆಗುತ್ತೇವೆ, ರೆಸಾರ್ಟಿನ ರಿಸೆಪ್ಷನ್‌ನಲ್ಲಿ ಕೂರುತ್ತೇವೆ, ಟ್ರಾವೆಲ್ ಆ್ಯಪ್ ಬರೆಯುತ್ತೇವೆ. ಕುಣಿತಕ್ಕೆ ಮೊದಲು ಎರಡು ನಿಮಿಷ ಇದು ಯಾರ ಕಥೆ, ಇವರು ಯಾರು ಎಂದು ಹೇಳಬಹುದು. ಕೇಳದೆ ಫೋಟೊ ತೆಗೆಯಬೇಡಿ, ವಾದ್ಯ ಮುಟ್ಟಬೇಡಿ ಎಂದು ಎರಡು ಸಾಲಿನ ಫಲಕ ಹಾಕಬಹುದು. ಇದಕ್ಕೆ ಬಜೆಟ್ ಏನೂ ಬೇಡ.

ಆ ರೀಲನ್ನು ಅಂದು ರಾತ್ರಿಯೇ ಅಳಿಸಿದೆ. ಯಾಕೆಂದು ಗ್ರೂಪಿನಲ್ಲಿ ಬರೆದೆ. ಇಬ್ಬರು ನಕ್ಕರು, ಒಬ್ಬ ಮಾತ್ರ ‘ಕಂಸಾಳೆ ಕಥೆ ಪೂರ್ತಿ ಕೇಳ್ಬೇಕಲ್ಲ ಮಗಾ’ ಎಂದ. ಮುಂದಿನ ರಜೆಗೆ ಅವನನ್ನು ಊರಿಗೆ ಕರೆದಿದ್ದೇನೆ. ‘ಬೆಳಗಾನ ಕೂರ್ತಾನಾ ಕೇಳು’ ಎಂದಿದ್ದಾರೆ ದೊಡ್ಡಪ್ಪ.