ಮಂಗಳೂರಿನ ತಾರಸಿಯಲ್ಲಿ ದ್ರಾಕ್ಷಿ? ದಯವಿಟ್ಟು ಬೇಡ!

ಈಚೆಗೆ ಯಾರ ಮನೆಗೆ ಹೋದರೂ ಮೊದಲು ತಾರಸಿಗೆ ಕರೆದೊಯ್ದು ದ್ರಾಕ್ಷಿ ಬಳ್ಳಿ ತೋರಿಸುತ್ತಾರೆ. "ಕ್ರಿಸ್‌ಮಸ್‌ಗೆ ನಮ್ಮದೇ ದ್ರಾಕ್ಷಿಯ ವೈನು ಮಾರಾಯ್ರೇ, ಒಂದು ಹನಿ ಕೆಮಿಕಲ್ ಇಲ್ಲ!" ಕಳೆದ ವಾರ ಆಫೀಸಿನ ಗೆಳೆಯನೂ ಇದನ್ನೇ ಹೇಳಿದ. ಮೂರು ವರ್ಷ ಇದೇ ಡೈಲಾಗು ಹೊಡೆದವನು ನಾನು. ಇನ್ನು ಸುಮ್ಮನಿರಲು ಆಗುವುದಿಲ್ಲ, ಅದಕ್ಕೇ ಈ ಬರಹ.

ಮೊದಲು ಲೆಕ್ಕ (ಇಂಜಿನಿಯರ್ ಬುದ್ಧಿ, ಸಹಿಸಿಕೊಳ್ಳಿ). ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ನಮ್ಮಲ್ಲಿ 3,500ಕ್ಕೂ ಹೆಚ್ಚು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೇಲೊಂದು ಶೀಟು ಹಾಕಿದರಾಯ್ತು ಅಂತ ನಾನೂ ಅಂದುಕೊಂಡಿದ್ದೆ. ಹಾಕಿಸಿದೆ ಕೂಡ. ಆದರೆ ಸಮಸ್ಯೆ ನೀರಿನದ್ದಷ್ಟೇ ಅಲ್ಲ.

ಚಳಿದೇಶದಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಕಡೆ ಮಲಗುವುದೇ ಇಲ್ಲ. ಹಾಗಾಗಿ ವಿಜಯಪುರದ ರೈತರು ವರ್ಷಕ್ಕೆ ಎರಡು ಸಲ ಚಾಟನಿ ಮಾಡುತ್ತಾರೆ, ಏಪ್ರಿಲ್ ಹೊತ್ತಿಗೊಮ್ಮೆ, ಅಕ್ಟೋಬರ್ ಹೊತ್ತಿಗೊಮ್ಮೆ. ಏಪ್ರಿಲ್‌ನಲ್ಲಿ ಸವರಿದ ಮೇಲೆ ಒಂದೂವರೆ-ಎರಡು ತಿಂಗಳಲ್ಲಿ ಹೊಸ ರೆಂಬೆಯ ಕಣ್ಣಿನೊಳಗೆ ಮುಂದಿನ ಗೊಂಚಲು ರೂಪುಗೊಳ್ಳಬೇಕು. ಅದಕ್ಕೆ ಚೆನ್ನಾಗಿ ಬಿಸಿಲು ಬೇಕು. ಏಪ್ರಿಲ್‌ಗೆ ಎರಡು ತಿಂಗಳು ಸೇರಿಸಿ ನೋಡಿ. ಜೂನ್! ಮಂಗಳೂರಿನಲ್ಲಿ ಸೂರ್ಯ ರಜೆ ಹಾಕುವ ತಿಂಗಳು. ಶೀಟು ಮಳೆಯನ್ನು ತಡೆದೀತು, ಮೋಡವನ್ನು ತಡೆದೀತೇ? ನಮ್ಮ ಬಳ್ಳಿ ಎರಡು ವರ್ಷ ಚಪ್ಪರ ತುಂಬಾ ಬರೇ ಎಲೆ ಬಿಟ್ಟಿತು.

"ಬೆಂಗಳೂರು ಬ್ಲೂ ಹಾಕಿ, ಅದು ಗಟ್ಟಿ ತಳಿ" ಅನ್ನುವವರಿದ್ದಾರೆ. ನಾನು ಹಾಕಿದ್ದೂ ಅದನ್ನೇ. 2013ರಲ್ಲಿ ಭೌಗೋಳಿಕ ಸೂಚಕ ಪಡೆದ ಒಳ್ಳೆಯ ತಳಿ, ಎಲೆಚುಕ್ಕೆಯನ್ನು ತಡೆದುಕೊಳ್ಳುತ್ತದೆ. ಆದರೆ ತೇವದಲ್ಲಿ ಬರುವ ಬೂಜು ತುಪ್ಪಟ ರೋಗಕ್ಕೆ ಬಗ್ಗುತ್ತದೆ. ಆ ರೋಗಕ್ಕೆ ಮದ್ದು ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತು ಮತ್ತು ಸುಣ್ಣ. ಅಡಿಕೆ ತೋಟ ಕಂಡವರಿಗೆ ಹೇಳಬೇಕಾಗಿಲ್ಲ, ಕೊಳೆರೋಗಕ್ಕೆ ಅಜ್ಜನ ಕಾಲದಿಂದ ಹೊಡೆಯುವುದು ಅದನ್ನೇ. ತಮಾಷೆ ಏನೆಂದರೆ, 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಆ ದ್ರಾವಣ ಹುಟ್ಟಿದ್ದೇ ದ್ರಾಕ್ಷಿಯ ಈ ರೋಗಕ್ಕೆ! ಫ್ರಾನ್ಸಿನ ಮಳೆಗೇ ಮದ್ದು ಬೇಕಾಗಿದ್ದ ಬಳ್ಳಿಯನ್ನು ನಾವು ತಂದು ಆಷಾಢದ ಮಳೆಯಲ್ಲಿ ನಿಲ್ಲಿಸಿದ್ದೇವೆ.

ನಾನೂ ಹೊಡೆದೆ. ಒಂದಲ್ಲ, ಹಲವು ಸಲ. ಹೊರಗೆ ಮಾತ್ರ "ಒಂದು ಹನಿ ಕೆಮಿಕಲ್ ಇಲ್ಲ" ಅನ್ನುವುದನ್ನು ಬಿಡಲಿಲ್ಲ. ಮೂರನೇ ವರ್ಷ ಏಳು ಗೊಂಚಲು ಬಂತು. ಅಕ್ಕನ ನಾಲ್ಕು ವರ್ಷದ ಮಗಳು ಒಂದು ಕಾಯಿ ಕಿತ್ತು, ಅದರ ಮೇಲಿನ ತಿಳಿನೀಲಿ ಕಲೆ ನೋಡಿ, "ಮಾವಾ, ನೀನು ಹೇಳಿದ್ಯಲ್ಲ, ಇದನ್ನು ತೊಳೆಯದೆ ತಿನ್ಬಹುದಾ?" ಅಂತ ಕೇಳಿದಳು. ಕೈಯಿಂದ ಕಿತ್ತುಕೊಂಡೆ. ಅವಳು ಅತ್ತಳು. ಅವತ್ತು ಆದ ನಾಚಿಕೆ ಇನ್ನೂ ಹೋಗಿಲ್ಲ.

ನನ್ನ ತಕರಾರು ಬಳ್ಳಿಯ ಮೇಲಲ್ಲ, ಆ ಸುಳ್ಳಿನ ಮೇಲೆ. ಪಕ್ಕದ ಮನೆಯ ಬಾಯಮ್ಮ ನಲವತ್ತು ವರ್ಷದಿಂದ ಕ್ರಿಸ್‌ಮಸ್ ವೈನು ಮಾಡುತ್ತಾರೆ. ಒಂದು ದಿನವೂ ದ್ರಾಕ್ಷಿ ಬೆಳೆದವರಲ್ಲ. ಘಟ್ಟದ ಮೇಲಿಂದ ಬಂದ ಕಪ್ಪು ದ್ರಾಕ್ಷಿಯನ್ನು ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ತಂದು, ತೊಳೆದು, ಒರೆಸಿ, ಸಕ್ಕರೆ, ಈಸ್ಟ್, ಒಂದು ಹಿಡಿ ಗೋಧಿ ಸೇರಿಸಿ ಭರಣಿಗೆ ಹಾಕುತ್ತಾರೆ. ಇಪ್ಪತ್ತೊಂದು ದಿನ, ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವುತ್ತಾರೆ. ಮಂಗಳೂರಿನ ಮನೆ ವೈನಿನ ವಿದ್ಯೆ ಇರುವುದು ಆ ಭರಣಿಯಲ್ಲಿ, ಚಪ್ಪರದಲ್ಲಲ್ಲ. (ಪರವಾನಗಿ ಇಲ್ಲದೆ ಮದ್ಯ ಮಾಡುವಂತಿಲ್ಲ ಅನ್ನುತ್ತದೆ 1965ರ ಅಬಕಾರಿ ಕಾಯ್ದೆ. ಫೋಟೋ ಹಾಕಿ ಜಂಬ ಕೊಚ್ಚುವ ಮುಂಚೆ ಅದನ್ನೂ ನೆನಪಿಟ್ಟುಕೊಳ್ಳಿ!)

ಇನ್ನೊಂದು ಮಾತು. ನಾವು ಎಲ್ಲಿಯದೋ ಬಳ್ಳಿಗೆ ಶೀಟು ಹೊದೆಸುವಾಗ, ಮಾರ್ಚ್-ಏಪ್ರಿಲ್‌ನಲ್ಲಿ ಗುಡ್ಡದ ತುಂಬಾ ಗೇರುಹಣ್ಣು ಬಿದ್ದು ಕೊಳೆಯುತ್ತದೆ. ಬೀಜ ಕಿತ್ತು ಹಣ್ಣು ಎಸೆಯುವ ಊರು ನಮ್ಮದು. ಅದೂ ಪೋರ್ಚುಗೀಸರು ತಂದ ಪರದೇಶಿ ಮರವೇ, ಆದರೆ ನಮ್ಮ ಮಳೆಗೆ ಒಗ್ಗಿ ನಮ್ಮದಾಗಿದೆ. ಗೇರುಹಣ್ಣಿನ ರಸಕ್ಕೆ ಗಂಜಿತಿಳಿ ಹಾಕಿದರೆ ಒಗರು ತಳಕ್ಕೆ ಇಳಿಯುತ್ತದೆ. ಒಮ್ಮೆ ಶರಬತ್ತು ಮಾಡಿ ನೋಡಿ, ಆಮೇಲೆ ಮಾತಾಡೋಣ.

ನಾನು ಬಳ್ಳಿ ಕಡಿದೆ. ಅದೇ ಚಪ್ಪರಕ್ಕೆ ಈಗ ಬಸಳೆ ಹಬ್ಬಿದೆ. ಮದ್ದು ಬೇಡ, ಶೀಟು ಬೇಡ. ಸೊಸೆ ಬಂದರೆ ಬಸಳೆಯ ನೇರಳೆ ಹಣ್ಣು ಹಿಚುಕಿ ಕೈಯೆಲ್ಲಾ ಬಣ್ಣ ಮಾಡಿಕೊಳ್ಳುತ್ತಾಳೆ, ನಾನು ಬೈಯುವುದಿಲ್ಲ.

ಮಂಗಳೂರಿನಲ್ಲಿ ಮದ್ದು ಹೊಡೆಯದೆ ದ್ರಾಕ್ಷಿ ಬೆಳೆದು ವೈನು ಮಾಡಿದವರು ಯಾರಾದರೂ ಇದ್ದೀರಾ? ಇದ್ದರೆ ಹೇಳಿ, ಬಂದು ನೋಡಿ ಕಾಲಿಗೆ ಬೀಳುತ್ತೇನೆ :)