ಅಟ್ಟದ ಮೇಲಿನ ಹಳೇ ರೀಲ್ ಕ್ಯಾಮೆರಾಗೆ ಲಕ್ಷಗಟ್ಟಲೆ ಬೆಲೆ ಇದೆಯೇ?

ಮನೆಗೆ ಸುಣ್ಣ ಬಳಿಯುವಾಗಲೋ ಹಳೇ ಟ್ರಂಕ್ ಖಾಲಿ ಮಾಡುವಾಗಲೋ ಚರ್ಮದ ಕವರಿನೊಳಗೆ ಒಂದು ಕ್ಯಾಮೆರಾ ಸಿಗುತ್ತದೆ. ಅದರ ಫೋಟೋ ವಾಟ್ಸಾಪ್ ಗುಂಪಿಗೆ ಹೋದರೆ ಸಾಕು, ಮಾತು ಶುರು: 'ಇದಕ್ಕೆ ಲಕ್ಷ ಸಿಗುತ್ತೆ', 'ಒಳಗೆ ಬೆಳ್ಳಿ ಇರುತ್ತೆ', 'ಲೆನ್ಸಿನಿಂದ ವಿಕಿರಣ ಬರುತ್ತೆ, ಮುಟ್ಟಬೇಡಿ'. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಈ ಮಾತುಗಳಲ್ಲಿ ನಿಜ ಎಷ್ಟು, ನೋಡೋಣ.

ಲಕ್ಷ ಸಿಗುತ್ತದೆಯೇ?

ಬಹುತೇಕ ಇಲ್ಲ. 2022ರಲ್ಲಿ ಜರ್ಮನಿಯಲ್ಲಿ ಒಂದು ಲೈಕಾ ಕ್ಯಾಮೆರಾ 1.44 ಕೋಟಿ ಯೂರೋಗೆ ಹರಾಜಾಗಿದ್ದು ನಿಜ. ಆದರೆ ಅದು 1920ರ ದಶಕದಲ್ಲಿ ಪರೀಕ್ಷೆಗೆಂದು ತಯಾರಾದ ಇಪ್ಪತ್ತು ಚಿಲ್ಲರೆ ಕ್ಯಾಮೆರಾಗಳಲ್ಲಿ ಒಂದು. ಅದನ್ನು ಬಳಸಿದ್ದವರು ಲೈಕಾವನ್ನು ರೂಪಿಸಿದ ಆಸ್ಕರ್ ಬಾರ್ನಾಕ್. ನಮ್ಮ ಮನೆಗಳಲ್ಲಿ ಸಿಗುವುದು ಸಾಮಾನ್ಯವಾಗಿ ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್ 3, ಇಲ್ಲವೇ ಯಾಶಿಕಾ ಎಂಎಫ್-2, ಕೊಡಾಕ್ ಕೆಬಿ-10. ಇವು ಅಪಾರ ಸಂಖ್ಯೆಯಲ್ಲಿ ಮಾರಾಟವಾದವು. ವಸ್ತು ಹಳೆಯದಾದ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಅಪರೂಪವೂ ಆಗಿರಬೇಕು, ಕೆಲಸವೂ ಮಾಡಬೇಕು.

'ನಾವೇ ಕೊಳ್ಳುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ' ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಹಳೇ ನಾಣ್ಯ, ನೋಟುಗಳ ಹೆಸರಿನಲ್ಲಿ ನಡೆಯುವ ಇಂಥದ್ದೇ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು. ಕೊಳ್ಳುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ.

ಒಳಗೆ ಬೆಳ್ಳಿ ಇದೆಯೇ?

ಕ್ಯಾಮೆರಾದಲ್ಲಿ ಇಲ್ಲ, ಫಿಲ್ಮಿನಲ್ಲಿ ಇದೆ. ಬೆಳಕಿಗೆ ಸ್ಪಂದಿಸುವುದು ಫಿಲ್ಮಿನ ಮೇಲಿರುವ ಬೆಳ್ಳಿ ಲವಣದ ಹರಳುಗಳು. ಕಪ್ಪು ಬಿಳುಪು ನೆಗೆಟಿವ್‌ನಲ್ಲಿ ಕಪ್ಪಾಗಿ ಕಾಣುವುದು ಬೆಳ್ಳಿಯೇ. ಕಲರ್ ಫಿಲ್ಮಿನಲ್ಲಾದರೆ ತೊಳೆಯುವಾಗ ಬೆಳ್ಳಿಯೆಲ್ಲ ಹೊರಹೋಗಿ ಬಣ್ಣ ಮಾತ್ರ ಉಳಿಯುತ್ತದೆ. ಫೋಟೋ ಲ್ಯಾಬ್‌ಗಳ ಬಳಸಿದ ಹೈಪೋ ದ್ರಾವಣದಿಂದ ಬೆಳ್ಳಿ ತೆಗೆಯುವುದುಂಟು. ಈ ಮಾತು ಹುಟ್ಟಿದ್ದು ಬಹುಶಃ ಅಲ್ಲಿಂದಲೇ. ಆದರೆ ಒಂದು ರೀಲಿನಲ್ಲಿರುವ ಬೆಳ್ಳಿ ಒಂದು ಗ್ರಾಂ ಕೂಡ ಆಗುವುದಿಲ್ಲ. ಅದಕ್ಕಾಗಿ ನೆಗೆಟಿವ್ ಮಾರುವುದು, ಸುಡುವುದು ಎರಡೂ ನಷ್ಟವೇ.

ವಿಕಿರಣದ ಮಾತು ಸುಳ್ಳೇ?

ಪೂರ್ತಿ ಸುಳ್ಳಲ್ಲ. 1960ರ ದಶಕದ ಕೆಲವು ದುಬಾರಿ ಲೆನ್ಸ್‌ಗಳ ಗಾಜಿಗೆ ಥೋರಿಯಂ ಸೇರಿಸುತ್ತಿದ್ದರು. ಸೂಪರ್ ಟಾಕುಮಾರ್ 50 ಮಿ.ಮೀ. ಲೆನ್ಸಿನ ಒಂದು ಮಾದರಿ ಇದಕ್ಕೆ ಹೆಸರುವಾಸಿ. ಇಂಥ ಗಾಜು ಕಾಲಕ್ರಮೇಣ ಹಳದಿಯಾಗುತ್ತದೆ. ಫೋಟೋ ತೆಗೆಯುವಷ್ಟು ಬಳಕೆಯಿಂದ ಆಗುವ ಅಪಾಯ ತೀರಾ ಕಡಿಮೆ. ಗಾಜನ್ನು ಒಡೆಯಬಾರದು, ಉಜ್ಜಬಾರದು ಅಷ್ಟೇ. ಕ್ಲಿಕ್ 3ರಂಥ ಸರಳ ಕ್ಯಾಮೆರಾಗಳಿಗೆ ಈ ಭಯ ಬೇಕಿಲ್ಲ.

ಹಿಂಬದಿ ಮುಚ್ಚಳ ತೆಗೆಯುವ ಮುನ್ನ

ನಿಜವಾದ ಬೆಲೆ ಇರುವುದು ಇಲ್ಲಿ. ಎಷ್ಟೋ ಕ್ಯಾಮೆರಾಗಳಲ್ಲಿ ಅರ್ಧ ಮುಗಿದ ರೀಲ್ ಹಾಗೇ ಉಳಿದಿರುತ್ತದೆ. ತೀರಿಹೋದ ಅಜ್ಜಿಯ ಫೋಟೋ ಅದರಲ್ಲಿರಬಹುದು. 'ಒಳಗೇನಿದೆ ನೋಡೋಣ' ಎಂದು ಮುಚ್ಚಳ ತೆರೆದರೆ ಬೆಳಕು ಬಿದ್ದು ಕ್ಷಣದಲ್ಲಿ ಹಾಳಾಗುತ್ತದೆ.

- ಎಂಎಫ್-2ರಂಥ ಕ್ಯಾಮೆರಾದಲ್ಲಿ ರೀಲ್ ಹಿಂದಕ್ಕೆ ಸುತ್ತುವ ಹಿಡಿಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಬಿಗಿಯಾಗಿದ್ದರೆ ಒಳಗೆ ರೀಲ್ ಇದೆ ಎಂದರ್ಥ.
- ಕ್ಲಿಕ್ 3ರ ಬೆನ್ನಿನ ಕೆಂಪು ಕಿಟಕಿಯಲ್ಲಿ ಕಾಗದವೋ ಅಂಕಿಯೋ ಕಂಡರೆ ತೆರೆಯಬೇಡಿ.
- ಸಂಶಯವಿದ್ದರೆ ಕ್ಯಾಮೆರಾ ಸಮೇತ ಹಳೇ ಸ್ಟುಡಿಯೋದವರ ಬಳಿ ಒಯ್ಯಿರಿ. ಕತ್ತಲೆ ಕೋಣೆಯಲ್ಲಿ ತೆಗೆಯುವುದು ಅವರಿಗೆ ಗೊತ್ತು.

ಕಪ್ಪು ಬಿಳುಪು ರೀಲ್ ದಶಕಗಳ ನಂತರವೂ ಚಿತ್ರ ಕೊಡಬಹುದು. ಕಲರ್ ರೀಲಿನಲ್ಲಿ ಬಣ್ಣ ಮಾಸಿರುತ್ತದೆ, ಆದರೂ ಮುಖ ಗುರುತು ಸಿಗಬಹುದು.

ಊರಿಗೆ ತಕ್ಕ ಆರೈಕೆ

ಚನ್ನಗಿರಿಯ ಅಡಿಕೆ ತೋಟದ ಮನೆಗಳಲ್ಲಿ, ಹೊನ್ನಾಳಿಯ ಹೊಳೆ ದಂಡೆಯಲ್ಲಿ ಮಳೆಗಾಲದ ತೇವವೇ ಶತ್ರು. ಟಾರ್ಚ್ ಹಿಡಿದು ನೋಡಿದಾಗ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಶಿಲೀಂಧ್ರ, ಅಂದರೆ ಬೂಷ್ಟು. ಚರ್ಮದ ಕವರ್ ತೇವ ಹಿಡಿದಿಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದು ಒಳ್ಳೆಯದು. ಜಗಳೂರಿನ ಒಣ ಹವೆಯಲ್ಲಿ ಈ ಕಾಟ ಕಡಿಮೆ, ಧೂಳಿನ ಕಾಟ ಹೆಚ್ಚು. ಧೂಳನ್ನು ಮೊದಲು ಗಾಳಿ ಊದುವ ರಬ್ಬರ್ ಬುರುಡೆಯಿಂದ ಹಾರಿಸಿ. ನೇರವಾಗಿ ಬಟ್ಟೆಯಿಂದ ಉಜ್ಜಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ. ಬಳಸದಿದ್ದಾಗ ಬ್ಯಾಟರಿ ತೆಗೆದಿಡಿ, ಸೋರಿದರೆ ಕ್ಯಾಮೆರಾ ಹಾಳು.

ಹಾಗಾದರೆ ಈಗಲೂ ಯಾಕೆ ಬಳಸುತ್ತಾರೆ?

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಫಿಲ್ಮ್ ಈಗಿಲ್ಲ. ಆದರೂ ಕೊಡಾಕ್, ಇಲ್ಫೋರ್ಡ್ ಫಿಲ್ಮ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ರೀಲ್ ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಸಾವಿರ ರೂಪಾಯಿ ದಾಟುತ್ತದೆ. ಕ್ಲಿಕ್ 3ರಲ್ಲಿ ಒಂದು ರೀಲಿಗೆ ಬರುವುದು 12 ಫೋಟೋ ಮಾತ್ರ. ಹಾಗಾಗಿ ತೆಗೆಯುವವರು ಯೋಚಿಸುತ್ತಾರೆ, ನಿಂತವರು ಮೈ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಫೋಟೋ ಹೇಗೆ ಬಂತೆಂದು ಆಗಲೇ ನೋಡಲಾಗದು, ಕಾಯಬೇಕು. ಹವ್ಯಾಸಿಗಳು ಇಷ್ಟಪಡುವುದು ಇದನ್ನೇ.

ಒಟ್ಟಿನಲ್ಲಿ, ಅಟ್ಟದ ಕ್ಯಾಮೆರಾ ನಿಮ್ಮನ್ನು ಲಕ್ಷಾಧೀಶರನ್ನಾಗಿ ಮಾಡದು. ಆದರೆ ಅದರೊಳಗಿನ ರೀಲ್, ಪಕ್ಕದ ನೆಗೆಟಿವ್ ಕವರ್ ನಿಮ್ಮ ಮನೆಯ ಇತಿಹಾಸ. 'ಲಕ್ಷ ಸಿಗುತ್ತೆ' ಎಂಬ ಸಂದೇಶದ ಬದಲು 'ಮುಚ್ಚಳ ತೆಗೆಯಬೇಡಿ, ರೀಲ್ ಇರಬಹುದು' ಎಂಬುದನ್ನು ಫಾರ್ವರ್ಡ್ ಮಾಡಿ.